ಮಡಚುವ ಬಂಡಿ: ಕೆಲವು ವರ್ಷ ಎಳೆದ ಮೇಲೆ

ಈ ಬಂಡಿಯ ಜಾಹೀರಾತಿನಲ್ಲಿ ಯಾವಾಗಲೂ ಇಬ್ಬರು ಮಕ್ಕಳು ಒಳಗೆ ಕೂತು ನಗುತ್ತಿರುತ್ತಾರೆ. ಆ ಚಿತ್ರವನ್ನು ಮರೆತುಬಿಡಿ. ಮಕ್ಕಳನ್ನು ಕೂರಿಸಿಕೊಂಡು ಹೋಗಲು ಅಂತ ಇದನ್ನು ಕೊಳ್ಳಬೇಡಿ. ಮಕ್ಕಳಿರುವ ಮನೆಯ ಸಾಮಾನು ಸಾಗಿಸಲು ಅಂತ ಕೊಳ್ಳಿ. ಆಗ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಯಾವ ಬಂಡಿ ಅಂತ ಹೇಳಿಬಿಡುತ್ತೇನೆ. ನಾಲ್ಕು ಚಕ್ರ, ಸ್ಟೀಲ್ ಚೌಕಟ್ಟು, ಅದಕ್ಕೆ ತೊಡಿಸಿದ ದಪ್ಪ ಬಟ್ಟೆಯ ತೊಟ್ಟಿ, ಎಳೆಯಲು ಮುಂದೊಂದು ಉದ್ದ ಹಿಡಿ. ತೊಟ್ಟಿಯ ತಳದಲ್ಲಿ ಒಂದು ಪಟ್ಟಿ ಇರುತ್ತದೆ. ಅದನ್ನು ಹಿಡಿದು ಮೇಲಕ್ಕೆ ಎತ್ತಿದರೆ ನಾಲ್ಕೂ ಮೂಲೆ ಒಳಕ್ಕೆ ಬಂದು ಬಂಡಿ ನಿಂತಲ್ಲೇ ಮಡಚಿಕೊಳ್ಳುತ್ತದೆ. ತೂಕ ಹೆಚ್ಚುಕಮ್ಮಿ 10 ಕೆ.ಜಿ. ಇದೇ ಮಾದರಿಯದು ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಹಾಗಾಗಿ ಕಂಪನಿ ಯಾವುದು ಅನ್ನುವುದಕ್ಕಿಂತ ಏನು ನೋಡಿ ಕೊಳ್ಳಬೇಕು ಅನ್ನುವುದು ಮುಖ್ಯ.

ಎಲ್ಲರೂ ಮೊದಲು ನೋಡುವುದು ಎಷ್ಟು ಭಾರ ಹೊರುತ್ತದೆ ಅನ್ನುವ ಅಂಕಿ. 70 ಕೆ.ಜಿ., 100 ಕೆ.ಜಿ. ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಸಪಾಟು ನೆಲದ ಮೇಲೆ, ಭಾರ ಎಲ್ಲ ಕಡೆ ಒಂದೇ ಸಮ ಹರಡಿದ್ದಾಗಿನ ಲೆಕ್ಕ. ಒಂದು ಮೆಟ್ಟಿಲಿಂದ ದಡಕ್ಕನೆ ಇಳಿಸಿದರೆ ಚಕ್ರದ ಮೇಲೆ ಬೀಳುವ ಪೆಟ್ಟೇ ಬೇರೆ. ಬಟ್ಟೆಗೆ 600ಡಿ ಅಂತ ಬರೆದಿರುತ್ತಾರೆ. ಡಿ ಅಂದರೆ ಡೆನಿಯರ್. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ನೂಲಿನ ದಪ್ಪ ಅದರಿಂದ ಗೊತ್ತಾಗುತ್ತದೆ, ಹೊಲಿಗೆ ಗಟ್ಟಿಯೋ ಅಲ್ವೋ ಗೊತ್ತಾಗುವುದಿಲ್ಲ. ನಮ್ಮ ಬಂಡಿಯಲ್ಲಿ ಬಟ್ಟೆ ಎಲ್ಲೂ ಹರಿದಿಲ್ಲ, ಮೂಲೆಯ ಹೊಲಿಗೆ ಮಾತ್ರ ಬಿಟ್ಟುಕೊಂಡಿದೆ.

ರೈಲಿನಲ್ಲಿ ಹೋಗುವಾಗ ಇದರ ಗುಣ ಮತ್ತು ಕೊರತೆ ಎರಡೂ ಚೆನ್ನಾಗಿ ಗೊತ್ತಾಗುತ್ತವೆ. ಇಬ್ಬರು ಮಕ್ಕಳ ಜೊತೆ ಹೊರಟರೆ ಇರುವ ಎರಡು ಕೈ ಸಾಲುವುದಿಲ್ಲ. ಚಿಕ್ಕವನಿಗೆ ಒಂದು ಕೈ ಕೊಡಲೇಬೇಕು. ಬಟ್ಟೆ ಚೀಲ, ನೀರಿನ ಬಾಟಲಿ, ಹೊದಿಕೆ, ತಿಂಡಿ ಡಬ್ಬಿ, ಮಗಳು ಬಿಟ್ಟು ಬರಲು ಒಪ್ಪದ ಅಷ್ಟು ದೊಡ್ಡ ಗೊಂಬೆ, ಎಲ್ಲ ಉಳಿದ ಒಂದು ಕೈಗೆ. ಬಂಡಿ ಇದ್ದರೆ ಇಷ್ಟೂ ಒಂದೇ ಹಿಡಿಗೆ ಬರುತ್ತದೆ. ಮಗನ ಕೈಯನ್ನು ನೆಟ್ಟಗೆ ಹಿಡಿದುಕೊಂಡು ನಡೆಯಬಹುದು. ಈ ಒಂದು ಅನುಕೂಲಕ್ಕೇ ನಾನು ಅರ್ಧ ಬೆಲೆ ಕೊಟ್ಟುಬಿಡುತ್ತೇನೆ.

ಆದರೆ ಮಗುವನ್ನೇ ಒಳಗೆ ಕೂರಿಸಿ ಎಳೆದುಕೊಂಡು ಹೋಗುವುದು ಬೇರೆ ಮಾತು. ಮಕ್ಕಳ ತಳ್ಳುಗಾಡಿಯನ್ನು ನಾವು ಮುಂದಕ್ಕೆ ತಳ್ಳುತ್ತೇವೆ, ಮಗು ಕಣ್ಣೆದುರೇ ಇರುತ್ತದೆ. ಬಂಡಿಯನ್ನು ಎಳೆಯುತ್ತೇವೆ, ಮಗು ಬೆನ್ನ ಹಿಂದೆ ಇರುತ್ತದೆ. ಅದು ಎದ್ದು ನಿಂತರೂ ಗೊತ್ತಾಗುವುದಿಲ್ಲ, ಪಕ್ಕಕ್ಕೆ ಬಾಗಿ ಕೈ ಚಾಚಿದರೂ ಗೊತ್ತಾಗುವುದಿಲ್ಲ. ಪಾರ್ಕಿನ ಹುಲ್ಲಿನ ಮೇಲೆ ಇದು ಸುಮ್ನೆ ಆಟ. ಜನ ತುಂಬಿದ ಪ್ಲಾಟ್‌ಫಾರ್ಮಿನಲ್ಲಿ ಆಟ ಅಲ್ಲ. ಬೆಲ್ಟ್ ಇರುವ ಮಾದರಿಗಳೂ ಸಿಗುತ್ತವೆ, ಅವು ವಾಸಿ. ಬೆಲ್ಟ್ ಇಲ್ಲದ, ಬರೀ ಸಾಮಾನಿಗೆ ಅಂತ ಮಾಡಿದ ಬಂಡಿಯಲ್ಲಿ ಮಗುವನ್ನು ಕೂರಿಸಬೇಡಿ. ಅದರ ಜೊತೆ ಬರುವ ಪುಸ್ತಕದಲ್ಲಿ ಕಂಪನಿಯವರೇ ಸಾಮಾನ್ಯವಾಗಿ ಬೇಡ ಅಂತ ಬರೆದಿರುತ್ತಾರೆ, ನಾವು ಓದುವುದಿಲ್ಲ ಅಷ್ಟೇ.

ಪ್ಲಾಟ್‌ಫಾರ್ಮ್ ಕಣ್ಣಿಗೆ ಸಪಾಟಾಗಿ ಕಂಡರೂ ನೀರು ನಿಲ್ಲದಿರಲಿ ಅಂತ ಸ್ವಲ್ಪ ಇಳಿಜಾರಾಗಿ ಕಟ್ಟಿರುತ್ತಾರೆ. ಕೆಲವು ಹಳೆಯ ನಿಲ್ದಾಣಗಳಲ್ಲಿ ಆ ಇಳಿಜಾರು ಹಳಿಯ ಕಡೆಗೇ ಇರುತ್ತದೆ. ಜೊತೆಗೆ ನಿಲ್ಲದೆ ಹಾದುಹೋಗುವ ರೈಲು, ಅದರಲ್ಲೂ ಗೂಡ್ಸ್ ಗಾಡಿ, ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಹಗುರವಾದ ಗಾಡಿಯನ್ನು ಉರುಳಿಸಲು ಆ ಗಾಳಿ ಸಾಕು. ಹಾಗಾಗಿ ಚಕ್ರಕ್ಕೆ ಬ್ರೇಕ್ ಇಲ್ಲದ ಬಂಡಿಯನ್ನು ರೈಲು ಪ್ರಯಾಣಕ್ಕೆ ಅಂತ ಕೊಳ್ಳಲೇಬೇಡಿ. ನಿಲ್ಲಿಸುವಾಗ ಬ್ರೇಕ್ ಹಾಕಿ, ಬಂಡಿಯ ಉದ್ದ ಹಳಿಗೆ ಸಮಾನಾಂತರವಾಗಿ ಬರುವ ಹಾಗೆ ನಿಲ್ಲಿಸಿ. ಆಮೇಲೆ ಉರುಳಿದರೂ ನೇರವಾಗಿ ಹಳಿಯ ಕಡೆ ಹೋಗುವ ಸಾಧ್ಯತೆ ಕಡಿಮೆ.

ರೈಲು ಹತ್ತುವಾಗ ಇನ್ನೊಂದು ತಾಪತ್ರಯ. ಖಾಲಿ ಮಾಡದೆ ಇದನ್ನು ಮಡಚಲು ಆಗುವುದಿಲ್ಲ. ಬಿಡಿ ಸಾಮಾನು ತುಂಬಿಕೊಂಡು ಬಂದರೆ ಬಾಗಿಲ ಹತ್ತಿರ ನಿಂತು ಒಂದೊಂದೇ ತೆಗೆಯಬೇಕು, ಹಿಂದಿನವರು ಗೊಣಗುತ್ತಾರೆ. ಎಲ್ಲವನ್ನೂ ಮೊದಲೇ ಎರಡು ಮೂರು ಚೀಲಕ್ಕೆ ಹಾಕಿ, ಆ ಚೀಲಗಳನ್ನು ಬಂಡಿಯಲ್ಲಿ ಇಡಬೇಕು. ರೈಲು ಬರುವ ಮೊದಲೇ ಚೀಲ ಇಳಿಸಿ ಬಂಡಿ ಮಡಚಿ ಸಿದ್ಧವಾಗಿ ನಿಂತರೆ ಕೆಲಸ ಸಲೀಸು. ಬಿಚ್ಚಿದ ಬಂಡಿ ಬೋಗಿಯೊಳಗಿನ ದಾರಿಯಲ್ಲಿ ತೂರುವುದಿಲ್ಲ, ಆ ಪ್ರಯತ್ನವೇ ಬೇಡ. ಎಸ್ಕಲೇಟರ್ ಅಂತೂ ಬೇಡವೇ ಬೇಡ, ಲಿಫ್ಟ್ ಅಥವಾ ರ‍್ಯಾಂಪ್ ಹುಡುಕಿ. ಎರಡೂ ಇಲ್ಲದ ನಿಲ್ದಾಣವಾದರೆ ಬಂಡಿಯನ್ನು ಮನೆಯಲ್ಲೇ ಬಿಟ್ಟು ಬೆನ್ನಿಗೆ ಹಾಕುವ ಚೀಲ ಒಯ್ಯುವುದು ಒಳ್ಳೆಯದು.

ಇನ್ನು ಮಾರಾಟದ ವಿಷಯ. ಮಕ್ಕಳ ಶಾಲೆಯ ಲೈಬ್ರರಿಗೆ ದುಡ್ಡು ಕೂಡಿಸಲು ಅಕ್ಕಪಕ್ಕದ ಕೆಲವು ಮನೆಯವರು ಸೇರಿ ಆಗಾಗ ಹಳೆ ಸಾಮಾನು ಮಾರಾಟ ಇಡುತ್ತೇವೆ. ಮನೆ ಮುಂದೆ ಮೇಜು ಹಾಕಿ, ಬೇಡವಾದ ಆಟಿಕೆ, ಪುಸ್ತಕ, ಬಟ್ಟೆ, ಪಾತ್ರೆ ಜೋಡಿಸುತ್ತೇವೆ. ಈ ಬಂಡಿ ಹುಟ್ಟಿದ್ದೇ ಇದಕ್ಕೆ ಅನ್ನಿಸುತ್ತದೆ. ಮಕ್ಕಳು ಮನೆಮನೆಗೆ ಹೋಗಿ ಸಾಮಾನು ಕೂಡಿಸಿ ತರುತ್ತಾರೆ. ಕಾರು ಬೇಡ, ದೊಡ್ಡವರು ಹೊರುವುದೂ ಬೇಡ. ಬಂಡಿ ಎಳೆಯುವುದು ಯಾರು ಅಂತ ಜಗಳ ಆಗುತ್ತದೆ, ಅದಕ್ಕೆ ಮದ್ದಿಲ್ಲ.

ಪುಸ್ತಕ ತುಂಬುವಾಗ ಮಾತ್ರ ಎಚ್ಚರ ಬೇಕು. 500 ಹಾಳೆಯ ಎ4 ಕಾಗದದ ಕಟ್ಟು ಒಂದೇ ಸುಮಾರು 2.5 ಕೆ.ಜಿ. ತೂಗುತ್ತದೆ. ಅಂದರೆ 100 ಲೀಟರ್ ತೊಟ್ಟಿಯಲ್ಲಿ ಕಾಗದವನ್ನೇ ಒತ್ತಿ ತುಂಬಿದರೆ 80 ಕೆ.ಜಿ. ಆಗಿಬಿಡುತ್ತದೆ. ಬಟ್ಟೆ, ಗೊಂಬೆ ರಾಶಿ ಹಾಕಿದರೂ ಬಂಡಿಗೆ ಲೆಕ್ಕಕ್ಕಿಲ್ಲ. ಪುಸ್ತಕವಾದರೆ ಅರ್ಧ ತೊಟ್ಟಿಗೆ ನಿಲ್ಲಿಸುವುದು ಕ್ಷೇಮ, ಅದರಲ್ಲೂ ಎಳೆಯುವವರು ಮಕ್ಕಳಾದರೆ. ಇಳಿಜಾರಿನಲ್ಲಿ ಭಾರದ ಬಂಡಿ ಹಿಂದಿನಿಂದ ಬಂದು ಹಿಮ್ಮಡಿಗೆ ಗುದ್ದುತ್ತದೆ.

ಬಂಡಿಗೆ ಏರಿಸುವ ಮೊದಲು ಕೆಲವನ್ನು ಪಕ್ಕಕ್ಕೆ ಇಡುತ್ತೇನೆ. ಒಮ್ಮೆ ಪೆಟ್ಟು ತಿಂದ ಸೈಕಲ್ ಹೆಲ್ಮೆಟ್ ಮಾರಬಾರದು. ಒಳಗಿನ ಫೋಮ್ ಅಪ್ಪಚ್ಚಿಯಾಗಿದ್ದರೂ ಹೊರಗೆ ಕಾಣುವುದಿಲ್ಲ. ಅಪಘಾತ ಆಗಿದೆಯೋ ಇಲ್ಲವೋ ಗೊತ್ತಿಲ್ಲದ ಕಾರಿನ ಮಕ್ಕಳ ಸೀಟೂ ಹಾಗೆಯೇ. ಬಟನ್ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆಯಂತೂ ನೇರ ಕಸಕ್ಕೆ, ಬ್ಯಾಟರಿ ತೆಗೆದು ಬೇರೆ ಇಟ್ಟ ಮೇಲೆ. ಆ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಸುಟ್ಟು ಗಾಯ ಮಾಡಬಲ್ಲದು. ಒಳ್ಳೆ ಕೆಲಸಕ್ಕೆ ದುಡ್ಡು ಕೂಡಿಸುತ್ತಿದ್ದೇವೆ ಅಂತ ಇಂಥವನ್ನು ಇನ್ನೊಬ್ಬರ ಮನೆಗೆ ದಾಟಿಸಬಾರದು, ಅಲ್ವಾ?

ಮಾರಾಟ ಶುರುವಾದ ಮೇಲೆ ಖಾಲಿಯಾದ ಬಂಡಿಗೆ ಸಣ್ಣಪುಟ್ಟ ಸಾಮಾನು ಹಾಕಿ ದಾರಿಯ ಹತ್ತಿರ ನಿಲ್ಲಿಸಿ, ‘ಇದರಲ್ಲಿರುವ ಯಾವುದಕ್ಕಾದರೂ ಒಂದೇ ಬೆಲೆ’ ಅಂತ ರಟ್ಟಿನ ಮೇಲೆ ಬರೆದು ಅಂಟಿಸುತ್ತೇವೆ. ಜನ ಮೇಜಿಗಿಂತ ಮೊದಲು ಅದಕ್ಕೇ ಕೈ ಹಾಕುತ್ತಾರೆ. ಬಗ್ಗಿ ಕೆದಕುವುದರಲ್ಲಿ ಏನೋ ಖುಷಿ ಇರಬೇಕು. ದುಡ್ಡು ಯಾವುದಕ್ಕೆ ಅಂತಲೂ ಅದೇ ರಟ್ಟಿನ ಮೇಲೆ ಬರೆದರೆ ಚೌಕಾಸಿ ಕಡಿಮೆ, ಚಿಲ್ಲರೆ ಬಿಟ್ಟು ಹೋಗುವವರು ಜಾಸ್ತಿ. ಮಳೆ ಹನಿ ಬಿದ್ದರೆ ಬಂಡಿಯನ್ನು ಹಾಗೇ ಒಳಗೆ ಎಳೆದುಕೊಂಡರೆ ಆಯಿತು. ಬಂಡಿಯ ಬೆಲೆ ಎಷ್ಟು ಅಂತಲೂ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ‘ಅಮ್ಮಾ, ಇದನ್ನ ಮಾತ್ರ ಕೊಡಬೇಡ’ ಅಂತ ಮಗ ಹಿಡಿ ಹಿಡಿದುಕೊಂಡು ನಿಂತುಬಿಡುತ್ತಾನೆ.

ಹಾಳಾದದ್ದು ಏನೇನು? ಹಿಡಿಯ ಗುಂಡಿ ಒಮ್ಮೊಮ್ಮೆ ಕಚ್ಚಿಕೊಳ್ಳುತ್ತದೆ. ತಳದ ಹಲಗೆ ಒತ್ತಿದ ಮರದ ಪುಡಿಯದು. ಅಂಚಿಗೆ ನೀರು ಇಳಿದು ಉಬ್ಬಿದ ಮೇಲೆ ಸರಿಯಾಗಿ ಕೂರುತ್ತಿಲ್ಲ. ಒದ್ದೆಯಾದ ದಿನ ಹಲಗೆ ಹೊರಗೆ ತೆಗೆದು ಒಣಗಿಸಿದರೆ ಈ ತೊಂದರೆ ಬರುವುದಿಲ್ಲ. ಬಿಸಿಲಿಗೆ ಬಟ್ಟೆಯ ಬಣ್ಣ ಹೋಗಿದೆ, ಅದಕ್ಕೆ ನನ್ನ ತಕರಾರಿಲ್ಲ. ಅಚ್ಚಿಗೆ ಕೂದಲು, ದಾರ ಸುತ್ತಿಕೊಂಡು ಚಕ್ರ ಬಿಗಿಯಾಗುತ್ತದೆ. ಆಗಾಗ ಕತ್ತರಿಯಿಂದ ಬಿಡಿಸಬೇಕು. ಎಣ್ಣೆ ಹಾಕಿದರೆ ಧೂಳು ಅಂಟುತ್ತದೆ, ಸಿಲಿಕೋನ್ ಸ್ಪ್ರೇ ಉತ್ತಮ.

ನಿಜವಾದ ದೂರು ಇರುವುದು ಚಕ್ರಗಳ ಮೇಲೆ. ಮುಂದಿನ ಎರಡು ಚಕ್ರದ ಮೇಲ್ಪದರ ಬಿರುಕು ಬಿಟ್ಟು ಉದುರಿತು. ಇಂಥ ಪದರಕ್ಕೆ ಬಳಸುವ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನಲ್ಲಿ ಕೆಲವು ಬಗೆಯದು ಗಾಳಿಯ ತೇವಕ್ಕೇ ಕ್ರಮೇಣ ಶಿಥಿಲವಾಗುತ್ತದೆ, ಬಳಸದೆ ಮೂಲೆಯಲ್ಲಿಟ್ಟರೂ ಬಿಡುವುದಿಲ್ಲ. ಬೇರೆ ಚಕ್ರ ಕೊಡಿ ಅಂತ ಮಾರಿದವರಿಗೆ ಬರೆದರೆ, ಬಿಡಿಭಾಗ ಇಲ್ಲ, ಹೊಸ ಬಂಡಿಯನ್ನೇ ಕೊಳ್ಳಿ ಅಂದರು. ಚೌಕಟ್ಟು ಇನ್ನೂ ಗಟ್ಟಿಮುಟ್ಟಾಗಿರುವಾಗ ಇದೆಂಥ ಮಾತು! ಕೊನೆಗೆ ಅಚ್ಚಿನ ಅಳತೆ ತೆಗೆದುಕೊಂಡು, ಅದಕ್ಕೆ ಹೊಂದುವ ಗಟ್ಟಿ ರಬ್ಬರ್ ಚಕ್ರ ಹಾಕಿಸಿದೆವು. ಸದ್ದು ಕಡಿಮೆಯಾಯಿತು, ಕಲ್ಲುಹಾಸಿನ ಮೇಲೂ ಮೊದಲಿಗಿಂತ ಚೆನ್ನಾಗಿ ಓಡುತ್ತಿದೆ.

ಇನ್ನೊಮ್ಮೆ ಕೊಳ್ಳುವುದಾದರೆ ಮೊದಲು ಬಂಡಿಯನ್ನು ಬುಡಮೇಲು ಮಾಡಿ ನೋಡುತ್ತೇನೆ. ಚಕ್ರ ದೊಡ್ಡದಿರಬೇಕು, ಚಿಕ್ಕ ಚಕ್ರ ಹೊಸ್ತಿಲಿಗೂ ಎಡವುತ್ತದೆ. ಚಕ್ರವನ್ನು ಮನೆಯಲ್ಲೇ ಕಳಚುವ ಹಾಗಿರಬೇಕು. ಬ್ರೇಕನ್ನು ಕಾಲಿನಿಂದ ಒತ್ತುವ ಹಾಗಿರಬೇಕು. ಬಿಡಿ ಚಕ್ರ ಸಿಗುತ್ತದೆಯೇ ಅಂತ ದುಡ್ಡು ಕೊಡುವ ಮೊದಲೇ ಕೇಳುತ್ತೇನೆ. ಇಲ್ಲ ಅಂದರೆ ಬೇರೆ ಅಂಗಡಿ.