ಮೂರು ಊರು, ಒಂದೇ ಯಂತ್ರ: ಕಾನ್ಸೆಪ್ಟ್‌ ಟು ರೋಅರ್ಗ್

ಜೂನ್‌ನಲ್ಲಿ ಬೆಂಗಳೂರು, ಲಂಡನ್, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ನಾವು ಒಂಬತ್ತು ಮಂದಿ 24 ಗಂಟೆ ಸರದಿಯಲ್ಲಿ ವ್ಯಾಯಾಮದ ಯಂತ್ರದ ಮೇಲೆ ದೋಣಿಯ ಹುಟ್ಟು ಎಳೆದೆವು. ಮೂರೂ ಕಡೆ ಇದೇ ರೋಯಿಂಗ್ ಯಂತ್ರ. ಇದರ ಪಿಎಂ5 ಮಾನಿಟರ್ (ದೂರ, ವೇಗ ತೋರಿಸುವ ಪರದೆ) ನನಗೆ ಅಚ್ಚುಮೆಚ್ಚು: ಎರಡು ಎಳೆತಗಳ ನಡುವೆ ಯಂತ್ರದ ಚಕ್ರ ಎಷ್ಟು ಬೇಗ ನಿಧಾನವಾಗುತ್ತದೆ ಎಂಬುದನ್ನು ಅಳೆದು ಲೆಕ್ಕ ಸರಿಪಡಿಸುತ್ತದೆ. ಹಾಗಾಗಿ ಮೂರು ಊರುಗಳಲ್ಲಿ ಕ್ರಮಿಸಿದ ಮೀಟರುಗಳನ್ನು ನಿಶ್ಚಿಂತೆಯಿಂದ ಕೂಡಿಸಿದೆವು. ಚಕ್ರಕ್ಕೆ ಹೋಗುವ ಗಾಳಿಯನ್ನು ಹೊಂದಿಸುವ ಡ್ಯಾಂಪರನ್ನು 10ಕ್ಕೆ ಏರಿಸಬೇಡಿ. ನನಗೆ 4 ಸಾಕಾಯಿತು. ಗಾಳಿಯ ತಡೆಯಿಂದ ನಡೆಯುವ ಇಂಥ ಯಂತ್ರಗಳೆಲ್ಲವೂ ಸದ್ದು ಮಾಡುತ್ತವೆ, ನೆರೆಮನೆಯವರಿಗೆ ಮೊದಲೇ ತಿಳಿಸಿ.

ಕಾಡಿದ್ದು ನಮ್ಮ ದೇಶದ ಗಡಿಯಾರದ ಅರ್ಧ ಗಂಟೆಯ ವ್ಯತ್ಯಾಸ. ಜೂನ್‌ನಲ್ಲಿ ಇಲ್ಲಿ ನಡುರಾತ್ರಿಯಾದಾಗ ಲಂಡನ್ನಿನಲ್ಲಿ ಸಂಜೆ 7.30, ಸ್ಯಾನ್ ಹೋಸೆಯಲ್ಲಿ ಬೆಳಿಗ್ಗೆ 11.30. ಪಾಳಿಪಟ್ಟಿಯನ್ನು ಯುಟಿಸಿಯಲ್ಲೇ (ಎಲ್ಲ ದೇಶಗಳಿಗೂ ಒಂದೇ ಆದ ಜಾಗತಿಕ ಸಮಯ) ಬರೆಯಿರಿ. ಬೆಳಗಿನ ಜಾವ ನಾಲ್ಕಕ್ಕೆ ನಾನು ಹಿಡಿಕೆ ಬಿಟ್ಟಾಗ, ವಿಡಿಯೊ ಕರೆಯಲ್ಲಿ ಅಕ್ಕ ಲಂಡನ್ನಿನಲ್ಲಿ ಹಿಡಿಕೆ ಎಳೆದಳು.