ಬೋರ್ಡಿಂಗೋ, ಮಂಡ್ಯದಿಂದ ದಿನವೂ ಓಡಾಟವೋ

ಮೈಸೂರಿನ ಹಳೆಯ ಕ್ಯಾಥೊಲಿಕ್ ಗಂಡುಮಕ್ಕಳ ಶಾಲೆಯೊಂದರಲ್ಲಿ ನನ್ನ ಹಿರಿಯ ಮಗ ಬೋರ್ಡಿಂಗ್‌ನಲ್ಲಿದ್ದುಕೊಂಡು ಓದಿದ. ಕಿರಿಯವನು ಅದೇ ಶಾಲೆಗೆ ಡೇ ಸ್ಕಾಲರ್ ಆಗಿ ಮಂಡ್ಯದಿಂದ ಹೋಗಿಬರುತ್ತಿದ್ದಾನೆ. ಪಾಠ, ಶಿಕ್ಷಕರು, ಪರೀಕ್ಷೆ ಇಬ್ಬರಿಗೂ ಒಂದೇ ಆಗಿರುವುದರಿಂದ, ನಾನು ಕಂಡ ವ್ಯತ್ಯಾಸವೆಲ್ಲ ಸಂಜೆ ಶಾಲೆ ಬಿಟ್ಟ ಮೇಲಿನದು.

ಬೋರ್ಡರ್ ಹುಡುಗರು ಶಾಲೆ ಬಿಟ್ಟೊಡನೆ ತಿಂಡಿ ಮುಗಿಸಿ ಮೈದಾನಕ್ಕೆ ಇಳಿಯುತ್ತಾರೆ. ಕತ್ತಲಾಗುವವರೆಗೆ ಆಡಿ, ಸ್ನಾನ ಮಾಡಿ ಸ್ಟಡಿ ಹಾಲ್‌ನಲ್ಲಿ ಕುಳಿತರೆ, ಫಾದರ್ ಒಬ್ಬರು ಸಾಲುಗಳ ನಡುವೆ ಓಡಾಡುತ್ತಿರುವಾಗ ಯಾರೂ ತಲೆ ಎತ್ತುವುದಿಲ್ಲ. ಕೈಯಲ್ಲಿ ಮೊಬೈಲ್ ಇಲ್ಲದಿರುವುದೇ ಅರ್ಧ ಓದು ಎಂದು ನನಗೆ ಆಮೇಲೆ ಅನ್ನಿಸಿದೆ. ಶಾಲಾ ತಂಡಗಳ ಅಭ್ಯಾಸ ನಡೆಯುವುದೂ ಆ ಹೊತ್ತಿನಲ್ಲೇ. ಆಗ ಕಿರಿಯವನು ರೈಲಿನಲ್ಲಿ ಶ್ರೀರಂಗಪಟ್ಟಣ ದಾಟುತ್ತಿರುತ್ತಾನೆ. ಫುಟ್‌ಬಾಲ್‌ನಲ್ಲಿ ಅಣ್ಣನಿಗಿಂತ ಚುರುಕಾಗಿದ್ದರೂ ತಂಡದ ಪಟ್ಟಿಯಲ್ಲಿ ಅವನ ಹೆಸರು ಬಂದಿಲ್ಲ. ಇಂಥ ಶಾಲೆಯ ಸತ್ವ ಬಹುಪಾಲು ಮೈದಾನದಲ್ಲಿಯೇ ಇರುವುದರಿಂದ, ಈ ಒಂದು ವಿಷಯದಲ್ಲಿ ಬೋರ್ಡಿಂಗ್‌ಗೆ ಎದುರೇ ಇಲ್ಲ.

ಖರ್ಚಿನ ಲೆಕ್ಕ ಬೇರೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್; ಹನ್ನೆರಡನೇ ತರಗತಿಯವರೆಗಿನ ಹುಡುಗರಿಗೆ ಮನೆಯಿಂದ ಶಾಲೆಗೆ ಓಡಾಡಲು ರೈಲ್ವೆಯವರು ಎರಡನೇ ದರ್ಜೆಯ ಮಾಸಿಕ ಪಾಸನ್ನು ಉಚಿತವಾಗಿ ಕೊಡುತ್ತಾರೆ. ರೈಲು ತಪ್ಪಿದರೆ ಬಸ್ಸು ಇದ್ದೇ ಇದೆ. ಸ್ಕೂಟರಿನಲ್ಲಿ ಬಿಟ್ಟುಬರುತ್ತೇನೆ ಎನ್ನುವವರು ಮಾತ್ರ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ, ಸರ್ವಿಸ್ ರಸ್ತೆಯನ್ನೇ ಹಿಡಿಯಬೇಕು. ಹಣ ಉಳಿಯುತ್ತದೆ, ಆದರೆ ಹುಡುಗ ದಣಿಯುತ್ತಾನೆ: ರಾತ್ರಿ ಊಟವಾದ ಮೇಲೆ ಪುಸ್ತಕ ಹಿಡಿದರೆ ಎರಡನೇ ಪುಟಕ್ಕೇ ತೂಕಡಿಕೆ.

ಊಟದಲ್ಲಿ ಮನೆಗೇ ಗೆಲುವು. ಮುದ್ದೆ, ಬಸ್ಸಾರು ತಿಂದು ಬೆಳೆದವನಿಗೆ ಹಾಸ್ಟೆಲಿನ ಅನ್ನ, ನೀರುಸಾರು ಒಗ್ಗಲು ಬಹಳ ಕಾಲ ಹಿಡಿಯಿತು. ಜ್ವರ ಬಂದ ದಿನವೂ ಹಾಗೆಯೇ. ಫೋನಿನಲ್ಲಿ ವಿಚಾರಿಸಿಕೊಂಡು ಅವರಮ್ಮನಿಗೆ ಸಮಾಧಾನವಾಗುತ್ತಿರಲಿಲ್ಲ.

ಧರ್ಮದ ವಿಷಯವನ್ನು ನಮ್ಮ ನೆಂಟರು ಈಗಲೂ ಕೇಳುತ್ತಾರೆ. ಬೆಳಗಿನ ಪೂಜೆಗೆ ಕ್ಯಾಥೊಲಿಕ್ ಹುಡುಗರು ಹೋಗುತ್ತಿದ್ದರು, ನಮ್ಮವನು ಆ ಹೊತ್ತಿನಲ್ಲಿ ಓದುತ್ತಿದ್ದ. ಸರ್ಕಾರದ ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಧಾರ್ಮಿಕ ಬೋಧನೆಗೆ ಒಳಪಡಿಸುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿಯೇ ಹೇಳುತ್ತದೆ. ಆದರೆ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಸಿಗುವ ಉಚಿತ ಸೀಟಿನ ಆಸೆ ಬೇಡ: ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ನೀಡಿದೆ. ಬೋರ್ಡರ್ ಆಗಲಿ, ಡೇ ಸ್ಕಾಲರ್ ಆಗಲಿ, ಪೂರ್ಣ ಶುಲ್ಕವನ್ನೇ ಕಟ್ಟಬೇಕು.

ನನ್ನ ತೀರ್ಮಾನ ಇಷ್ಟು: ಏಳನೇ ತರಗತಿಯವರೆಗೆ ಮನೆ, ಎಂಟರಿಂದ ಬೋರ್ಡಿಂಗ್. ಹಿರಿಯವನನ್ನು ಐದಕ್ಕೇ ಬಿಟ್ಟಿದ್ದೆವು. ಮೊದಲ ವರ್ಷ ಅವನು ಮೈದಾನಕ್ಕಿಂತ ಗೇಟಿನ ಕಡೆ ನೋಡಿದ್ದೇ ಹೆಚ್ಚು. ಕಿರಿಯವನು ಈಗ ಏಳರಲ್ಲಿದ್ದಾನೆ, ಮುಂದಿನ ವರ್ಷದ ಹಾಸ್ಟೆಲ್ ಅರ್ಜಿಯನ್ನು ಅವನೇ ತಂದಿಟ್ಟಿದ್ದಾನೆ. ಅವನ ತಾಯಿ ಇನ್ನೂ ಸಹಿ ಹಾಕಿಲ್ಲ.