ಕೆತ್ತನೆಯ ವಿಂಚೆಸ್ಟರ್ ಕೊಳ್ಳುವವರಿಗೆ: ನಕಲು ಪತ್ರವನ್ನು ನಂಬಿ ನಾನು ಕೆಟ್ಟ ಬಗೆ

ಕಳೆದ ವರ್ಷ ಅಮೆರಿಕದ ಮೊಂಟಾನಾದಲ್ಲಿ ನಡೆದ ಹಳೆಯ ಕೋವಿಗಳ ಮಾರಾಟ ಮೇಳವೊಂದರಲ್ಲಿ, ವಿಂಚೆಸ್ಟರ್ ಕಂಪನಿಯ 1886ನೇ ಮಾದರಿಯ ಲಿವರ್ ರೈಫಲ್ (ಕೆಳಗಿನ ಹಿಡಿಕೆ ಎಳೆದು ತೋಟೆ ಏರಿಸುವ ಕೋವಿ) ಒಂದನ್ನು 14,000 ಡಾಲರ್ ಕೊಟ್ಟು ಕೊಂಡೆ. ಅದರ ಮೇಲಿನ ಕೆತ್ತನೆ ಕಾರ್ಖಾನೆಯದಲ್ಲವೆಂದೂ, ಅದರೊಂದಿಗೆ ಬಂದ ಒಡೆತನದ ಚರಿತ್ರೆ ಕಟ್ಟುಕಥೆಯೆಂದೂ ತಿಳಿಯುವ ಹೊತ್ತಿಗೆ ಹಣ ಕೈಬಿಟ್ಟಾಗಿತ್ತು. ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಈ ಹವ್ಯಾಸವುಳ್ಳವರು ಇದೇ ಹೊಂಡಕ್ಕೆ ಬೀಳದಿರಲೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಕೊಡಗಿನವನಾದ ನನಗೆ ಕೋವಿ ಹೊಸದೇನಲ್ಲ. ಕೈಲ್‌ಪೊಳ್ದ್ ಹಬ್ಬದಂದು ಮನೆಯ ಕೋವಿಗಳ ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವಾಗ, ಯಾವುದು ಯಾರ ಕೈಯಿಂದ ಯಾರಿಗೆ ಬಂತೆಂಬುದನ್ನು ಅಜ್ಜ ಬಾಯಿಮಾತಿನಲ್ಲಿ ಹೇಳುತ್ತಿದ್ದರು. ಅದಕ್ಕೆ ಯಾರೂ ದಾಖಲೆ ಕೇಳುತ್ತಿರಲಿಲ್ಲ. ಆ ನಂಬಿಕೆಯನ್ನೇ ನಾನು ಅಪರಿಚಿತ ವ್ಯಾಪಾರಿಯ ಮುಂದೆಯೂ ಇಟ್ಟುಕೊಂಡು ನಿಂತದ್ದು ನನ್ನ ಮೊದಲ ತಪ್ಪು.

ರೈಫಲಿನ ಒಂದು ಮಗ್ಗುಲಲ್ಲಿ ಕವಲುಗೊಂಬಿನ ಎಲ್ಕ್ ಎಂಬ ದೊಡ್ಡ ಜಿಂಕೆ, ಇನ್ನೊಂದರಲ್ಲಿ ಕರಡಿ, ಸುತ್ತಲೂ ಬಳ್ಳಿಯ ಸುರುಳಿಗಳಿದ್ದವು. ಲಿವರಿನ ಹಿಂದೆ ಜೆ. ಉಲ್ರಿಚ್ ಎಂಬ ಸಣ್ಣ ಅಕ್ಷರಗಳಿದ್ದವು. ಜಾನ್ ಉಲ್ರಿಚ್ ಮತ್ತು ಅವನ ಸೋದರರು ವಿಂಚೆಸ್ಟರ್ ಕಂಪನಿಗೆ ಕೆತ್ತನೆ ಮಾಡಿದ ಪ್ರಸಿದ್ಧ ಕುಶಲಿಗಳಾದ್ದರಿಂದ, ಆ ಹೆಸರೊಂದೇ ಬೆಲೆಯನ್ನು ಹಲವು ಪಟ್ಟು ಏರಿಸುತ್ತದೆ. ಜೊತೆಗೆ ಎರಡು ಕಾಗದಗಳಿದ್ದವು: ಕೆತ್ತನೆಯನ್ನು ಸ್ಪಷ್ಟವಾಗಿ ನಮೂದಿಸಿದ ಕಾರ್ಖಾನೆ ದಾಖಲೆಯ ಪತ್ರದ ಜೆರಾಕ್ಸ್ ಪ್ರತಿ, ಹಾಗೂ 1889ರಲ್ಲಿ ಮೊಂಟಾನಾದ ಮೈಲ್ಸ್ ಸಿಟಿಯಲ್ಲಿ ತಮ್ಮ ಮುತ್ತಾತ ಇದನ್ನು ಹೊಸದಾಗಿ ಕೊಂಡರೆಂದು ದನಗಾಹಿ ಕುಟುಂಬವೊಂದರ ಹೆಸರಿನಲ್ಲಿ ನೋಟರಿ ಮಾಡಿಸಿದ ಪ್ರಮಾಣಪತ್ರ.

ಮೂಲಪತ್ರ ಎಲ್ಲಿ ಎಂದು ಕೇಳಿದಾಗ, ಮನೆ ಬದಲಿಸುವಾಗ ಕಳೆದುಹೋಯಿತೆಂದು ವ್ಯಾಪಾರಿ ಹೇಳಿದ. ಅಲ್ಲಿಗೇ ನಾನು ಹಿಂದೆ ಸರಿಯಬೇಕಿತ್ತು, ಏಕೆಂದರೆ ಮೂಲಪತ್ರ ಕಳೆದುಹೋದರೆ ಮತ್ತೊಂದನ್ನು ತರಿಸುವುದು ಕಷ್ಟವೇ ಅಲ್ಲ. ವಿಂಚೆಸ್ಟರ್ ಕಾರ್ಖಾನೆಯ ಹಳೆಯ ಲೆಕ್ಕದ ಪುಸ್ತಕಗಳು ವಯೋಮಿಂಗ್ ರಾಜ್ಯದ ಕೋಡಿ ಪಟ್ಟಣದಲ್ಲಿರುವ ಬಫಲೋ ಬಿಲ್ ಸೆಂಟರ್ ಆಫ್ ದಿ ವೆಸ್ಟ್‌ನಲ್ಲಿವೆ. ಪುಸ್ತಕ ಉಳಿದಿರುವ ಕ್ರಮಸಂಖ್ಯೆಯಾದರೆ, ಆ ಕೋವಿಯ ಬಗ್ಗೆ ಪುಸ್ತಕದಲ್ಲಿ ಬರೆದಿರುವುದನ್ನು ತಿಳಿಸುವ ಪತ್ರ, ಶುಲ್ಕ ಕಟ್ಟಿದ ಯಾರಿಗಾದರೂ ಅಲ್ಲಿಂದ ಬರುತ್ತದೆ. ನಾನು ಕಟ್ಟಿದ ಶುಲ್ಕ ಕೋವಿಯ ಬೆಲೆಯ ನೂರರಲ್ಲೊಂದು ಪಾಲೂ ಇರಲಿಲ್ಲ. ಆದರೆ ಅದನ್ನು ಕಟ್ಟಿದ್ದು ಕೊಂಡ ಎರಡು ತಿಂಗಳ ನಂತರ, ಅದೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಆಸೆಯಿಂದ!

ಬಂದ ಪತ್ರದಲ್ಲಿ .40-82 ತೋಟೆಯ ರೈಫಲ್, ಎಂಟು ಪಟ್ಟಿಯ ನಳಿಗೆ, ಸಾದಾ ಟ್ರಿಗರ್ ಎಂದಿತ್ತು. ಕೆತ್ತನೆಯ ಸುಳಿವೇ ಇರಲಿಲ್ಲ. ನನ್ನ ಜೆರಾಕ್ಸಿನಲ್ಲಿ ಕ್ರಮಸಂಖ್ಯೆಯೂ ಒಕ್ಕಣೆಯೂ ಅದೇ, ನಡುವೆ ಒಂದು ಸಾಲು ಮಾತ್ರ ಹೆಚ್ಚು. ಇದಕ್ಕಿಂತ ನಾಚಿಕೆಯೆನಿಸಿದ್ದು ಇನ್ನೊಂದು ವಿಷಯ: ಪುಸ್ತಕದ ಪ್ರಕಾರ ಆ ಕೋವಿ ಕಾರ್ಖಾನೆಯ ಉಗ್ರಾಣಕ್ಕೆ ಬಂದದ್ದೇ 1893ರಲ್ಲಿ. ಹುಟ್ಟುವ ನಾಲ್ಕು ವರ್ಷ ಮೊದಲೇ ಅದನ್ನು ಕೊಂಡ ಮುತ್ತಾತನಿಗೆ ನಾನು 14,000 ಡಾಲರ್ ತೆತ್ತಿದ್ದೆ.

ಅಸಲಿ ಪತ್ರವಿದ್ದರೂ ಅದು ಹೇಳುವುದು ಕೋವಿ ಕಾರ್ಖಾನೆ ಬಿಟ್ಟಾಗಿನ ರೂಪವನ್ನೇ ಹೊರತು ಒಡೆಯರ ಸಾಲನ್ನಲ್ಲ. 2014ರಲ್ಲಿ ನೆವಾಡಾದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ ಜೂನಿಪರ್ ಮರಕ್ಕೆ ಒರಗಿದ್ದ 1873ನೇ ಮಾದರಿಯ ವಿಂಚೆಸ್ಟರ್ ಸಿಕ್ಕಾಗ, ಕೋಡಿಯ ಪುಸ್ತಕಗಳಿಂದ ಅದು 1882ರದೆಂದು ತಿಳಿಯಿತು. ಅದನ್ನು ಅಲ್ಲಿ ಬಿಟ್ಟವರು ಯಾರೆಂಬುದು ತಿಳಿಯಲಿಲ್ಲ. ಒಡೆತನಕ್ಕೆ ಪ್ರತ್ಯೇಕ ಸಾಕ್ಷಿ ಬೇಕು. 1886ನೇ ಮಾದರಿಯ ಮೊದಲನೆಯ ಕ್ರಮಸಂಖ್ಯೆಯ ರೈಫಲ್, ಅಪಾಚೆ ಬುಡಕಟ್ಟಿನ ನಾಯಕ ಜೆರೊನಿಮೊನನ್ನು ಬೆನ್ನಟ್ಟಿದ ಕ್ಯಾಪ್ಟನ್ ಲಾಟನ್‌ಗೆ ಗೆಳೆಯ ಆಲ್ಬಿ ಕೊಟ್ಟ ಉಡುಗೊರೆಯಾಗಿದ್ದು, 2016ರಲ್ಲಿ 12,65,000 ಡಾಲರಿಗೆ ಹರಾಜಾಯಿತು. ಇಷ್ಟು ಬೆಲೆಯ ಆಸೆಯಿರುವಲ್ಲಿ ಕಥೆ ಹೆಣೆಯುವವರೂ ಇರುತ್ತಾರೆ.

ಆಮೇಲೆ ಹಳೆಯ ಸಂಗ್ರಾಹಕರೊಬ್ಬರು ಭೂತಗನ್ನಡಿ ಹಿಡಿದು ತೋರಿಸಿದ್ದನ್ನೂ ಹೇಳಬೇಕು. ಕಾರ್ಖಾನೆಯಲ್ಲಿ ಕೆತ್ತನೆ ಮುಗಿದ ಮೇಲೆ ಉಕ್ಕಿಗೆ ಕಾವು ಕೊಟ್ಟು ಬಣ್ಣ ತರಿಸುತ್ತಿದ್ದರು. ಆದ್ದರಿಂದ ಬಣ್ಣ ಉಳಿದಿರುವ ಕೋವಿಯಲ್ಲಿ ಅದು ಗೆರೆಗಳೊಳಗೂ ಇಳಿದಿರಬೇಕು, ಸವೆತವೂ ಸುತ್ತಲಿನ ಲೋಹದಷ್ಟೇ ಇರಬೇಕು. ನನ್ನದರಲ್ಲಿ ತುಕ್ಕು ತಿಂದ ಗುಳಿಗಳನ್ನು ಸೀಳಿಕೊಂಡೇ ಬಳ್ಳಿಯ ಗೆರೆಗಳು ಹಾದುಹೋಗಿದ್ದವು, ಅಂದರೆ ತುಕ್ಕು ಮೊದಲು, ಕೆತ್ತನೆ ಆಮೇಲೆ. ಮೇಳದ ಝಗಮಗ ದೀಪದಡಿ ನನಗೆ ಕಂಡದ್ದು ಎಲ್ಕಿನ ಕೊಂಬು ಮಾತ್ರ.

1898ರವರೆಗೆ ತಯಾರಾದ ಕೋವಿಗಳನ್ನು ಇಲ್ಲಿನ ಒಕ್ಕೂಟದ ಕಾನೂನು ಪುರಾತನ ವಸ್ತುಗಳೆಂದು ಬಗೆಯುತ್ತದೆ; ಅವು ಪರವಾನಗಿದಾರ ವ್ಯಾಪಾರಿಯ ದಫ್ತರಿನ ಮೂಲಕ ಹೋಗಬೇಕಿಲ್ಲ. ಈ ಅನುಕೂಲವನ್ನು ನಾನೂ ಮೆಚ್ಚಿದ್ದೆ, ಆದರೆ ಅದರಿಂದಲೇ ಹಿಂದಿನ ಮಾರಾಟಗಳ ಜಾಡು ನನಗೆ ಸಿಗಲಿಲ್ಲ. ವ್ಯಾಪಾರಿ ರಸೀದಿಯ ಮೇಲೆ ಬರೆದದ್ದು ಕೂಡ ‘ಹಳೆಯ ರೈಫಲ್, ಇದ್ದ ಸ್ಥಿತಿಯಲ್ಲಿ’ ಎಂದಷ್ಟೇ. ಉಲ್ರಿಚ್, ಕಾರ್ಖಾನೆ, ಮುತ್ತಾತ ಎಲ್ಲವೂ ಬಾಯಿಮಾತು. ಪತ್ರ ನಿಜವಾಗದಿದ್ದರೆ ಹಣ ಹಿಂತಿರುಗಿಸುವೆನೆಂಬ ಒಂದು ಸಾಲನ್ನು ಆ ರಸೀದಿಯ ಮೇಲೆಯೇ ಬರೆಸಿ ಸಹಿ ಹಾಕಿಸಿಕೊಂಡಿದ್ದರೆ ಮಾತು ಬೇರೆಯಾಗುತ್ತಿತ್ತು. ವಕೀಲರಿಂದ ನೋಟಿಸ್ ಕೊಡಿಸಿದೆ. ಈ ಕಾಗದಗಳು ತನಗೂ ಹಿಂದಿನವರಿಂದ ಬಂದವೆಂದು ಅವನು ಉತ್ತರಿಸಿದ.

ಕೊನೆಗೆ ಅದನ್ನು 3,200 ಡಾಲರಿಗೆ ಮಾರಿದೆ. ಕೊಂಡವರಿಗೆ ಕೋಡಿಯ ಮೂಲಪತ್ರವನ್ನು ಕೊಟ್ಟೆ, ಕೆತ್ತನೆ ಈಚಿನದೆಂದು ರಸೀದಿಯಲ್ಲಿಯೇ ಬರೆದೆ. ಆ ಜೆರಾಕ್ಸನ್ನೂ ಪ್ರಮಾಣಪತ್ರವನ್ನೂ ಮಾತ್ರ ಕೊಡದೆ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.